ಕದಿರಯ್ಯನವರ ಎರಡು ಗೀಟು

ಅಧ್ಯಕ್ಷತೆ ವಹಿಸಿರುವ ಸಾಹೇಬರೇ, ನನಗೆ ಈ ಮೈಕನ್ನು ಧೈರ್ಯ ಮಾಡಿ ಕೊಟ್ಟಿರುವ ಹೆಡ್ ಕ್ಲಾರ್ಕ್ ಪ್ರಸನ್ನ ಕುಮಾರ್ ಸರ್ ಅವರೇ, ಇವತ್ತು ನಿವೃತ್ತರಾಗುತ್ತಿರುವ, ಹಾರ ಹಾಕಿಸಿಕೊಂಡು ಮುಜುಗರದಿಂದ ಕುಳಿತಿರುವ ನಮ್ಮ ರೆಕಾರ್ಡ್ ಕೀಪರ್ ಕದಿರಯ್ಯನವರೇ, ಅವರಿಗಿಂತ ನೆಟ್ಟಗೆ ಕುಳಿತಿರುವ ಅವರ ಮನೆಯವರೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬಸ್ಸು ಹಿಡಿದು ಬಂದಿರುವ ರೆಕಾರ್ಡ್ ರೂಮಿನ ಬಂಧುಗಳೇ, ಹಾಗೂ ಎಲ್ಲ ಸಭಿಕರೇ.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ವಿಷಯ, ನಮ್ಮ ಕಚೇರಿಗಳ ಇತಿಹಾಸ. ಮೂರು ಪುಟ ಟೈಪು ಮಾಡಿಸಿ ಕೈಗೂ ಕೊಟ್ಟಿದ್ದಾರೆ. ಆದರೆ ಆ ಗೋಡೆಯ ಗಡಿಯಾರದಲ್ಲಿ ಐದೂವರೆ ಆಗುವುದರೊಳಗೆ ಒಂದು ಕಾಗದಕ್ಕೆ ಮೊಹರು ಬೀಳಬೇಕಾಗಿದೆ. ಐದೂವರೆಯವರೆಗೆ ಇವರು ರೆಕಾರ್ಡ್ ಕೀಪರ್. ಆಮೇಲೆ ಬರೀ ಕದಿರಯ್ಯ. ಆದ್ದರಿಂದ ನಾನು ಗಡಿಯಾರ ನೋಡುತ್ತ ಮಾತಾಡಿದರೆ ತಪ್ಪು ತಿಳಿಯಬಾರದು.

ನನ್ನ ಹೆಸರು ಯಶಸ್ವಿನಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಹೆಸರಿಟ್ಟವರ ತಪ್ಪೇನೂ ಇಲ್ಲ. ಶಾಲೆ ಬಿಟ್ಟ ಮೇಲೆ ಶಿರಾದ ಬೇಕರಿಯಲ್ಲಿ ನಾಲ್ಕು ತಿಂಗಳು, ಗಾರ್ಮೆಂಟ್ಸಿನಲ್ಲಿ ಏಳು ತಿಂಗಳು, ಕ್ಯಾತಗಾನಚೆರ್ಲು ಕಡೆ ಸೋಲಾರ್ ಹಲಗೆ ತೊಳೆಯುವುದರಲ್ಲಿ ಒಂದು ಬೇಸಿಗೆ. ಎಲ್ಲೂ ನಿಲ್ಲಲಿಲ್ಲ. ಹಳೇ ದಾಖಲೆ ಸ್ಕ್ಯಾನ್ ಮಾಡುವ ಏಜೆನ್ಸಿಯವರು ‘ಕನ್ನಡ ಟೈಪಿಂಗ್ ಬರುತ್ತಾ?’ ಎಂದು ಕೇಳಿದರು. ಬರುವುದಿಲ್ಲ, ಕಲಿಯುತ್ತೇನೆ ಎಂದೆ. ಹಾಗೆ ಹೇಳಿದ್ದಕ್ಕೇ ಕೆಲಸ ಸಿಕ್ಕಿತು ಎಂದು ಆಮೇಲೆ ಗೊತ್ತಾಯಿತು. ಉಳಿದವರೆಲ್ಲ ಬರುತ್ತದೆ ಎಂದಿದ್ದರಂತೆ.

ಈಗ ಇತಿಹಾಸಕ್ಕೆ ಬರುತ್ತೇನೆ. ಶಿರಾದಲ್ಲಿ ಸುಬೇದಾರರು ಕೂತು ಆಳಿದ್ದು ಎಲ್ಲರಿಗೂ ಗೊತ್ತು. ಸುಬೇದಾರರು ಹೋದರು. ಮೈಸೂರು ಸಂಸ್ಥಾನದ ಅಮಲ್ದಾರರು ಬಂದರು, ಅವರೂ ಹೋದರು. ಶಾನುಭೋಗರು ಹೋಗಿ ಗ್ರಾಮ ಲೆಕ್ಕಿಗರಾದರು, ಲೆಕ್ಕಿಗರು ಹೋಗಿ ಈಗ ಗ್ರಾಮ ಆಡಳಿತಾಧಿಕಾರಿಗಳು. ಮುನಿಸಿಪಾಲಿಟಿ ಪುರಸಭೆಯಾಯಿತು. ಬೋರ್ಡು ಬದಲಾಯಿತು, ಬಾಗಿಲು ಬದಲಾಗಲಿಲ್ಲ. ಹೋದವರೆಲ್ಲ ಬಿಟ್ಟುಹೋಗಿದ್ದು ಏನನ್ನು? ಮಾತುಗಳನ್ನು. ಕಚೇರಿ, ದಫ್ತರ, ಷರಾ, ಖರಾಬು, ಮಹಜರು. ನಾವು ಕಾಗದದ ಕಟ್ಟು ಕಟ್ಟುವ ಕೆಂಪು ಬಟ್ಟೆಗೂ ರುಮಾಲು ಎನ್ನುತ್ತೇವೆ. ರೆಕಾರ್ಡ್ ರೂಮಿಗೆ ಬಂದ ಮೊದಲ ದಿನ ‘ಹದಿನೆಂಟನೇ ರುಮಾಲು ತಗಂಡ್ ಬಾರಮ್ಮ’ ಎಂದು ಕದಿರಯ್ಯನವರು ಹೇಳಿದಾಗ ನಾನು ಅವರ ಕರವಸ್ತ್ರ ಹುಡುಕಿದ್ದೆ.

ಮೂರು ಪುಟದಲ್ಲಿ ಇರುವ ಇತಿಹಾಸ ಇಷ್ಟೇ. ಮೂರನೇ ಪುಟದ ಕೊನೆಯಲ್ಲಿ ‘ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಶ್ರೀಯುತರ ಕೈಯಿಂದ ಒಂದೇ ಒಂದು ತಪ್ಪೂ ನಡೆದಿರುವುದಿಲ್ಲ’ ಎಂದು ಬರೆದಿದೆ. ಆ ಸಾಲನ್ನು ನಾನು ಓದುವುದಿಲ್ಲ. ಓದಬೇಡ ಎಂದು ಹೇಳಿದವರು ಕದಿರಯ್ಯನವರೇ.

ಯಾಕೆ ಎಂದು ಹೇಳಬೇಕಾದರೆ ಮೊದಲು ನನ್ನ ತಪ್ಪನ್ನು ಹೇಳಬೇಕು.

ನಾಲ್ಕು ತಾಲ್ಲೂಕುಗಳಲ್ಲಿ ಒಂದರಲ್ಲಿ, ಯಾವುದೆಂದು ಹೇಳಕೂಡದು ಎಂದು ಪ್ರಸನ್ನ ಕುಮಾರ್ ಸರ್ ಈಗಲೂ ಕಣ್ಸನ್ನೆ ಮಾಡುತ್ತಿದ್ದಾರೆ, ಹಳ್ಳಿಗಳ ಹೆಸರಿನ ಒಂದು ರಿಜಿಸ್ಟರ್ ಇದೆ. ಅದನ್ನು ನೋಡಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಕೊನೆಯ ಅಂಕಣ ಷರಾ, ಅಂದರೆ ಟಿಪ್ಪಣಿ. ಕೆಲವು ಊರುಗಳ ಮುಂದೆ ಷರಾದಲ್ಲಿ ‘ಬೇ’ ಎಂದು ಒಂದೇ ಅಕ್ಷರ, ಕೆಳಗಿನ ಊರುಗಳಿಗೆ ಎರಡೆರಡು ಡಿಟ್ಟೋ ಗೀಟು. ಬೇ ಎಂದರೆ ಏನು? ಯಾರನ್ನೂ ಕೇಳಲಿಲ್ಲ. ನಾನು ಹಳ್ಳಿಯವಳು, ನನಗೆ ತಿಳಿಯದ್ದೇನಿದೆ ಎಂದುಕೊಂಡು ಐವತ್ತೆಂಟು ಊರುಗಳಿಗೆ ‘ಬೇಸಾಯ’ ಎಂದು ಟೈಪು ಮಾಡಿದೆ.

ವಾರದ ಮೇಲೆ ಕದಿರಯ್ಯನವರು ನನ್ನ ಹಿಂದೆ ನಿಂತು ಕನ್ನಡಕ ಏರಿಸಿದರು. ಅವರು ಪಾವಗಡದ ಕಡೆಯವರು, ಗಾಬರಿಯಾದರೆ ತೆಲುಗು ಬರುತ್ತದೆ.

‘ಅಯ್ಯೋ, ಏಂ ಪನಿ ಚೇಸಿನಾವಮ್ಮಾ. ಎಂಥಾ ಕೆಲ್ಸ ಮಾಡ್ಬುಟ್ಟೆ. ಬೇಸಾಯ ಅಲ್ಲ ಕಣಮ್ಮ ಅದು. ಬೇಚಿರಾಕ್.’

‘ಅಂಗಂದ್ರೇನ್ ಸಾರ್?’

‘ಚಿರಾಕ್ ಅಂದ್ರೆ ದೀಪ. ಬೇಚಿರಾಕ್ ಅಂದ್ರೆ ದೀಪ ಇಲ್ದಿರೋ ಊರು. ಹೆಸರೈತೆ, ಗಡಿ ಐತೆ, ಜನ ಇಲ್ಲ. ಯಾರ ಮನೇಲೂ ದೀಪ ಹಚ್ಚಲ್ಲ.’

ಎಷ್ಟು ಚಂದದ ಮಾತು, ಅಲ್ಲವೇ? ಜನ ಇಲ್ಲ ಎಂದು ಬರೆಯಬಹುದಿತ್ತು. ದೀಪ ಇಲ್ಲ ಎಂದು ಬರೆದರು. ನಾನು ಖುಷಿಯಿಂದಲೇ ಒಂದೊಂದೇ ಊರನ್ನು ತಿದ್ದುತ್ತ ಬಂದೆ. ಬೇಸಾಯ ಅಳಿಸು, ಬೇಚಿರಾಕ್ ಹಾಕು. ಬೇಸಾಯ ಅಳಿಸು, ಬೇಚಿರಾಕ್ ಹಾಕು. ಮೂವತ್ತೊಂದನೆಯ ಪುಟದಲ್ಲಿ ಏಳು ಊರುಗಳು. ಏಳನೆಯದು ಕಲ್ಲುಕೋಡಿಹಟ್ಟಿ. ಅದು ನನ್ನ ಊರು.

ಆ ದಿನ ಬೆಳಿಗ್ಗೆ ನಾನು ಅಲ್ಲಿಂದಲೇ ಹಲ್ಲುಜ್ಜಿಕೊಂಡು ಬಂದಿದ್ದೆ. ನಲವತ್ತೊಂದು ಮನೆ ಇವೆ. ಕರೆಂಟಿದೆ, ಬಿಲ್ಲು ಬರುತ್ತದೆ, ಬಿಲ್ಲಿನ ಮೇಲೆ ಪಕ್ಕದ ಊರಿನ ಹೆಸರಿರುತ್ತದೆ. ವೋಟು ಹಾಕಲು ಪಕ್ಕದ ಊರಿಗೆ ಹೋಗುತ್ತೇವೆ. ಅದು ಯಾಕೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೆ. ಉತ್ತರ ಎರಡು ಗೀಟಿನಲ್ಲಿತ್ತು.

ನನ್ನನ್ನು ಸಾಕಿದ ಅಜ್ಜಿ ಸಣ್ಣಕ್ಕ. ತಾನೇ ಕಲ್ಲು ಹೊತ್ತು ಕಟ್ಟಿದ ಮನೆಗೆ ಒಂದು ಹಕ್ಕುಪತ್ರ ಬೇಕು ಎನ್ನುವುದು ಅವಳ ಒಂದೇ ಆಸೆ. ಅದಕ್ಕಾಗಿ ಎರಡು ಸಲ ಫೋಟೋ ತೆಗೆಸಿದ್ದಾಳೆ. ಮೊದಲನೆಯದು ಕಾದು ಕಾದು ಹಳೆಯದಾಯಿತು. ‘ಅದ್ರಾಗೆ ಕೂದ್ಲು ಕರ್ರಗಿದ್ವು ಕಣೇ, ಈಗ ತೋರ್ಸಿದ್ರೆ ಬ್ಯಾರೆ ಯಾರೋ ಅಂತಾರೆ’ ಎಂದು ಇನ್ನೊಂದನ್ನು ತೆಗೆಸಿದಳು.

ಹಕ್ಕುಪತ್ರ ಕೊಡಲು ಮನೆಗಳನ್ನು ಅಳೆಯಬೇಕು. ಯಾವ ಯಾವ ಊರಿಗೆ ಹೋಗಿ ಅಳೆಯಬೇಕು ಎಂಬ ಪಟ್ಟಿ ನಾನು ಟೈಪು ಮಾಡಿದ ಅಂಕಣದಿಂದಲೇ ತಯಾರಾಗುತ್ತಿತ್ತು. ಬೇಚಿರಾಕ್ ಊರಿಗೆ ಯಾರು ಹೋಗುತ್ತಾರೆ? ಜನವೇ ಇಲ್ಲದ ಕಡೆ ಯಾರ ಮನೆ ಅಳೆಯುವುದು? ಆದರೆ ‘ಬೇಸಾಯ’ ಎಂದಿದ್ದರೆ ಹೋಗುತ್ತಾರೆ. ನನ್ನ ತಪ್ಪು ಹಾಗೇ ಉಳಿದರೆ ಸಾಕು, ಅಜ್ಜಿಯ ಫೋಟೋ ಕಾಗದಕ್ಕೆ ಅಂಟುತ್ತದೆ.

ಮೂರು ದಿನ ಆ ಸಾಲನ್ನು ತಿದ್ದಲಿಲ್ಲ. ನಾಲ್ಕನೆಯ ದಿನ ತಿದ್ದಿದೆ. ಯಾಕೆ ತಿದ್ದಿದೆ ಎಂದು ಇವತ್ತಿಗೂ ಚೆನ್ನಾಗಿ ಹೇಳಲಾರೆ. ರಿಜಿಸ್ಟರಿನಲ್ಲಿ ಇಲ್ಲದ್ದನ್ನು ಇದೆ ಎಂದು ಬರೆಯಲು ಕೈ ಬರಲಿಲ್ಲ, ಅಷ್ಟೇ. ಆ ಮೂರು ದಿನ ಮಾತ್ರ ಯಾರಿಗೂ ಹೇಳಿರಲಿಲ್ಲ, ಈಗ ಎಲ್ಲರಿಗೂ ಹೇಳಿದ್ದೇನೆ.

ಪಟ್ಟಿಯಿಂದ ನಮ್ಮ ಹಟ್ಟಿ ಬಿದ್ದುಹೋಯಿತು. ಊರಿಗೆ ಗೊತ್ತಾಗದೆ ಇರುತ್ತದೆಯೇ? ಬಸ್ಸಿಳಿದರೆ ಹಾಲೇಶಣ್ಣ ಅಂಗಡಿ ಕಟ್ಟೆಯ ಮೇಲಿಂದ, ‘ಲೇ ಯಶಸ್ವಿನಿ, ದೀಪ ಇಲ್ದಿರೋ ಊರಿಗೆ ದಾರಿ ಹೆಂಗೆ ಕಾಣುಸ್ತು ನಿಂಗೆ?’ ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ‘ಇಷ್ಟ್ ದಿನ ಯಾರೋ ಗುರ್ತಿಲ್ದೋರು ಬರ್ದವ್ರೆ ಅನ್ಕಂಡಿದ್ದೆ. ಈಗ ನಮ್ಮುಡುಗೀನೆ ಬರ್ದ್ಬುಟ್ಲು’ ಎಂದು ಮುದ್ದೆ ಬಡಿಸಿದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಊಟದ ಡಬ್ಬಿ ಬಿಚ್ಚದೆ ಕೂತಿದ್ದ ನನ್ನನ್ನು ಕದಿರಯ್ಯನವರು ವಿಚಾರಿಸಿದರು. ಹೇಳಿದೆ. ಅವರು ಎದ್ದುಹೋಗಿ ಆ ರಿಜಿಸ್ಟರ್ ತಂದು ಮೂವತ್ತೊಂದನೆಯ ಪುಟ ತೆಗೆದರು. ಏಳನೆಯ ಸಾಲಿನ ಗೀಟಿನ ಮೇಲೆ ಬೆರಳಿಟ್ಟರು. ಆಮೇಲೆ, ‘ಇದು ನನ್ನ ಕೈಬರಹ ಕಣಮ್ಮ’ ಎಂದರು.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಹಳೇ ರಿಜಿಸ್ಟರಿಗೆ ಗೆದ್ದಲು ಹಿಡಿದಿತ್ತಂತೆ. ನೋಡಿಕೊಂಡು ಹೊಸದಕ್ಕೆ ನಕಲು ಮಾಡು ಎಂದು ಆಗಿನ ಸಾಹೇಬರು ಇವರನ್ನು ಕೂರಿಸಿದರು. ಒಂದು ಕಟ್ಟಪ್ಪಣೆ, ಯಾವ ಅಂಕಣವನ್ನೂ ಖಾಲಿ ಬಿಡಕೂಡದು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿದೆ, ನಮಗೆ ತಪ್ಪಿಗಿಂತ ಖಾಲಿ ಜಾಗ ಕಂಡರೆ ಹೆಚ್ಚು ಭಯ. ಮೂವತ್ತೊಂದನೆಯ ಪುಟದಲ್ಲಿ ಆರು ಊರುಗಳ ಷರಾ ಕಾಣುತ್ತಿತ್ತು, ಆರೂ ಬೇಚಿರಾಕ್. ಏಳನೆಯದರ ಜಾಗದಲ್ಲಿ ತೂತು.

‘ಗೆದ್ಲು ತಿಂದಿತ್ತು. ಖಾಲಿ ಬುಟ್ರೆ ಬೈತಾರೆ ಅಂತ ಮ್ಯಾಲಿಂದ್ನೇ ನೋಡಿ ಎರಡು ಗೀಟು ಹಾಕ್ಬುಟ್ಟೆ. ಊಟದ ಟೈಮಾಗಿತ್ತು.’

ಸಭಿಕರೇ, ಒಂದು ಊರಿನ ದೀಪ ಆರಿದ್ದು ಹೀಗೆ. ಯಾವ ಶತ್ರುವೂ ಬರಲಿಲ್ಲ. ಒಬ್ಬ ಗುಮಾಸ್ತನಿಗೆ ಹಸಿವಾಗಿತ್ತು.

ಆಮೇಲೆ ನಾವು ಅರ್ಜಿ ಕೊಟ್ಟೆವು. ಎಂಟು ತಿಂಗಳು ಮೇಜಿನಿಂದ ಮೇಜಿಗೆ ತಿರುಗಿ ಉತ್ತರ ಬಂತು. ‘ಮೂಲ ದಾಖಲೆ ಲಭ್ಯವಿಲ್ಲದ ಕಾರಣ ನಕಲಿನಲ್ಲಿ ಇರುವಂತೆ ಕ್ರಮ ವಹಿಸಲಾಗಿದೆ.’ ನಕಲು ತಪ್ಪು ಎಂದು ಹೇಳಬಲ್ಲವರು ಈ ಭೂಮಿಯ ಮೇಲೆ ಒಬ್ಬರೇ. ಕದಿರಯ್ಯನವರು ತಮ್ಮ ಹೇಳಿಕೆಯನ್ನು ಸ್ವಂತ ಕೈಯಿಂದ ಬರೆದರು. ಕಾಗದಗಳಿಗೆ ಮೊಹರು ಹಾಕಿ ತೆಗೆದುಕೊಳ್ಳುವ ತಪಾಲು ವಿಭಾಗಕ್ಕೆ ಕೊಡಲು ಮೂರು ಸಲ ಹೋದರು. ಮೂರು ಸಲವೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಡಿ ಎಂದು ಹೇಳಿದ್ದವರು ಪ್ರಸನ್ನ ಕುಮಾರ್ ಸರ್. ಇದನ್ನು ದೂರು ಎಂದು ಹೇಳುತ್ತಿಲ್ಲ. ಅವರು ಮಾಡಿದ್ದು ಸ್ನೇಹದಿಂದ, ತಪ್ಪೊಪ್ಪಿಕೊಂಡರೆ ವಿಚಾರಣೆ ನಡೆದು ಪಿಂಚಣಿ ನಿಂತೀತು ಎಂದು. ‘ಏನಯ್ಯಾ ನಿಂಗೆ ಹುಚ್ಚಾ, ಪಿಂಚಣಿ ಆದೇಶ ಕೈಗೆ ಬರ್ಲಿ, ಆಮೇಲೆ ಕೊಡೀವಂತೆ’ ಎಂದರು. ಆದರೆ ಆಮೇಲೆ ಕೊಟ್ಟರೆ ಅದು ರೆಕಾರ್ಡ್ ಕೀಪರ್ ಹೇಳಿಕೆಯಲ್ಲ, ದಾರಿಹೋಕರ ಮಾತು. ಅದು ಸರ್ ಅವರಿಗೂ ಗೊತ್ತು.

ನಿನ್ನೆ ಕದಿರಯ್ಯನವರು ನನ್ನನ್ನು ಮನೆಗೆ ಕರೆದರು. ‘ನಾಳಿಕ್ಕೆ ಎಲ್ರೂ ನನ್ನ ಹೊಗಳ್ತಾರೆ. ನಂಗೆ ಮೈಕಿನ ಮುಂದೆ ಬಾಯಿ ಬರಲ್ಲ. ನಿಂಗೆ ಸುಳ್ಳು ಬರಲ್ಲ. ನೀನೇ ಹೇಳ್ಬುಡಮ್ಮ’ ಎಂದರು. ಪಿಂಚಣಿ ತಡವಾದರೆ ಎಂದೆ. ಅಲ್ಲೇ ಕೂತಿದ್ದ ಅವರ ಮನೆಯವರು, ‘ಮೂವತ್ತನಾಲ್ಕು ವರ್ಷ ದೂಳು ಕುಡ್ಕಂಡು ಬಂದವ್ರೆ. ಇನ್ನಾರು ತಿಂಗ್ಳು ಕಾಯಕ್ಕೇನಂತೆ’ ಎಂದು ಟೀ ಕೊಟ್ಟರು.

ಸಾಹೇಬರೇ, ತಮ್ಮ ಮುಂದೆ ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಒಂದು ಕೆಂಪು ರುಮಾಲು ಇದೆ. ಅದು ನೆನಪಿನ ಕಾಣಿಕೆ ಎಂದು ತಾವು ತಿಳಿದಿರಬಹುದು. ಅದರೊಳಗೆ ಇರುವುದು ಆ ಹೇಳಿಕೆ. ಎರಡೇ ಪುಟ. ತಾವು ಈಗಲೇ ಆದೇಶ ಮಾಡಬೇಕೆಂದು ಕೇಳುತ್ತಿಲ್ಲ. ಸ್ವೀಕರಿಸಲಾಗಿದೆ ಎಂದು ಮೊಹರು ಮಾತ್ರ, ಇವತ್ತಿನ ತಾರೀಖು ಮಾತ್ರ.

ಇನ್ನೊಂದು ಮಾತು ಹೇಳದೆ ಹೋದರೆ ನನಗೆ ಸಮಾಧಾನವಿರುವುದಿಲ್ಲ. ನಾಲ್ಕು ಗಂಟೆಗೆ ತಾವು ಈ ದೀಪ ಹಚ್ಚಿ ಸಮಾರಂಭ ಉದ್ಘಾಟಿಸಿದಿರಿ. ಎಣ್ಣೆ ತರುವ ಕೆಲಸವನ್ನು ಏಜೆನ್ಸಿಯ ಹುಡುಗಿ ಎಂದು ನನಗೆ ವಹಿಸಿದ್ದರು. ಅಂಗಡಿಯಿಂದ ತರಲಿಲ್ಲ. ನಮ್ಮ ಅಜ್ಜಿ ಸಣ್ಣಕ್ಕ ದಿನಾ ಸಂಜೆ ದೀಪಕ್ಕೆ ಹಾಕುವ ಹೊಂಗೆ ಎಣ್ಣೆಯಲ್ಲೇ ಒಂದು ಬಾಟಲಿ ತಂದೆ. ಯಾಕೆ ಎಂದು ಅವಳಿಗೆ ಹೇಳಿರಲಿಲ್ಲ. ‘ಯಾರ ಮನೇಗೆ?’ ಎಂದು ಕೇಳಿದಳು. ಕಚೇರಿಗೆ ಎಂದೆ. ‘ಅಲ್ಲೂ ದೀಪ ಇಲ್ವಂತಾ?’ ಎಂದಳು.

ಗಡಿಯಾರದಲ್ಲಿ ಐದೂ ಇಪ್ಪತ್ತು. ಕದಿರಯ್ಯನವರು ಆಗಲೇ ಎದ್ದು ನಿಂತಿದ್ದಾರೆ. ಸಾಹೇಬರು ರುಮಾಲಿನ ಗಂಟು ಬಿಚ್ಚುತ್ತಿದ್ದಾರೆ, ಸ್ವಲ್ಪ ಬಿಗಿಯಾಗಿದೆ, ಕಟ್ಟಿದವಳು ನಾನೇ, ಕ್ಷಮಿಸಬೇಕು. ಮೂರನೇ ಸಾಲಿನಲ್ಲಿ ತಪಾಲು ವಿಭಾಗದ ರಾಧಾಮಣಿ ಮೇಡಂ ಪ್ರಸನ್ನ ಕುಮಾರ್ ಸರ್ ಅವರ ಮುಖ ನೋಡುತ್ತಿದ್ದಾರೆ. ಮೇಡಂ, ಸರ್ ತಲೆಯಾಡಿಸಿದರು, ನಾನು ನೋಡಿದೆ. ಮೊಹರು ತಮ್ಮ ಬ್ಯಾಗಿನಲ್ಲಿದೆ ಎಂದು ಮಧ್ಯಾಹ್ನ ತಾವೇ ಹೇಳಿದ್ದಿರಿ. ದಯವಿಟ್ಟು ಅವರಿಗೆ ದಾರಿ ಬಿಡಿ.

ಒಂಬತ್ತನೇ ತರಗತಿಯವಳ ಮಾತನ್ನು ಯಾರೂ ಎದ್ದು ಹೋಗದೆ ಕೇಳಿದಿರಿ. ಬೋಂಡ ಆರುತ್ತಿದ್ದರೂ ಕೇಳಿದಿರಿ. ಕದಿರಯ್ಯನವರು ತಮ್ಮ ಕೊನೆಯ ಹತ್ತು ನಿಮಿಷದ ನೌಕರಿಯನ್ನು ನಮ್ಮ ಹಟ್ಟಿಗೆ ಕೊಟ್ಟಿದ್ದಾರೆ. ಕಲ್ಲುಕೋಡಿಹಟ್ಟಿಯ ನಲವತ್ತೊಂದು ಮನೆಯವರ ಪರವಾಗಿ ಅವರಿಗೂ, ತಮಗೆಲ್ಲರಿಗೂ ಕೃತಜ್ಞತೆಗಳು. ವೇದಿಕೆ ಇಳಿಯುವವರು ಸ್ವಲ್ಪ ಜೋಪಾನ, ದೀಪ ಇನ್ನೂ ಉರಿಯುತ್ತಿದೆ.

ನಮಸ್ಕಾರ.