ಬ್ಯಾನರ್‌ನಲ್ಲಿರುವುದು ನಗುವಲ್ಲ

ವೇದಿಕೆಯ ಮೇಲಿರುವ ನಿರ್ದೇಶಕರಿಗೆ, ಹಿರಿಯರಿಗೆ, ಪ್ರಾಣಿಶಾಲೆಯ ಸಿಬ್ಬಂದಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ಯಜಮಾನರು ಅಂಕಲ್‌ಗೆ, ಮಗಳು ಅಕ್ಕನಿಗೆ — ನಮಸ್ಕಾರ.

ಮೊದಲು ಕ್ಷಮೆ ಕೇಳುತ್ತೇನೆ. ಮೇಡಂ ಶ್ರದ್ಧಾಂಜಲಿಯ ಈ ಮಾತುಗಳನ್ನು ನಾನು ಬರೆಯಬೇಕಾದವಳೇ ಅಲ್ಲ. ಮೇಡಂ ಜೊತೆ ಕಾಡು ಅಲೆದ ಸೀನಿಯರ್‌ಗಳಿದ್ದಾರೆ. ನಾನು ಮೊದಲ ವರ್ಷದವಳು. "ನೀನೇ ಮಾತಾಡೇ, ಚಿಕ್ಕವಳು, ಎಲ್ಲರ ಕಣ್ಣಲ್ಲಿ ನೀರು ಬರುತ್ತೆ" ಎಂದು ಮುಂದಕ್ಕೆ ತಳ್ಳಿದರು. ಹಾಸ್ಟೆಲ್‌ಗಳಲ್ಲೇ ಓದಿ ಬೆಳೆದವಳು, ಅರ್ಧ ಇಂಗ್ಲಿಷಿನ ಬಾಯಿ ನನ್ನದು. ಅದಕ್ಕೇ ಬರೆದುಕೊಂಡು ಬಂದಿದ್ದೇನೆ.

ಕಾಡಿನ ಕೋತಿಗಳ ಗುಂಪುಗಳನ್ನು ನೋಡುತ್ತಲೇ ಮೇಡಂ ಆಯುಷ್ಯ ಕಳೆದರು. ಬೆನ್ನ ಹಿಂದೆ ನಾವು ಅವರನ್ನು "ಕೋತಿ ಮೇಡಂ" ಅನ್ನುತ್ತಿದ್ದೆವು. ಅವರಿಗೆ ಗೊತ್ತಿರಲಿಲ್ಲ ಅಂದುಕೊಂಡಿರಾ? ಒಂದು ದಿನ ನನಗೆ ಫೋನ್ ಮಾಡಿ, "ಹಲೋ, ಕೋತಿ ಮೇಡಂ ಮಾತಾಡ್ತಿರೋದು" ಅಂದರು. ನನ್ನ ಕೈಯಿಂದ ಫೋನ್ ಜಾರಿತು.

ಫೀಲ್ಡ್‌ನಲ್ಲಿ ನನ್ನ ಮೊದಲ ದಿನದ ಕಥೆ ಹೇಳುತ್ತೇನೆ. ಬಂಡೆಗಳ ಮೇಲೆ ಇಡೀ ಗುಂಪು ಕೂತಿತ್ತು. ದೊಡ್ಡ ಗಂಡು ಕೋತಿಯೊಂದು ನನ್ನನ್ನೇ ನೋಡಿತು. ಏನು ಮಾಡಬೇಕೋ ತೋಚಲಿಲ್ಲ — ನಕ್ಕೆ. ಹಲ್ಲೆಲ್ಲ ಕಾಣುವಂತೆ, ಹೀಗೆ. ಮೇಡಂ ತುಟಿ ಅಲುಗಿಸದೆ ಅಂದರು: "ಪುಟ್ಟೀ, ಬಾಯಿ ಮುಚ್ಕೋ."

"ಫ್ರೆಂಡ್ಲಿ ಆಗಿರೋಣ ಅಂತ, ಮೇಡಂ—"

"ಅವನಿಗೆ ಹಾಗೆ ಕಾಣ್ತಿಲ್ಲಮ್ಮ. 'ಅಣ್ಣಾ, ನಿನ್ನ ಕಂಡ್ರೆ ಭಯ, ಹೊಡೀಬೇಡ' ಅಂತಿದೀಯ ನೀನು. ನೋಡಲ್ಲಿ, ಎಷ್ಟು ಗತ್ತಿನಿಂದ ಒಪ್ಕೊಂಡ."

ತುಟಿ ಹಿಂದಕ್ಕೆಳೆದು ಹಲ್ಲು ತೋರಿಸುವುದು ಅವುಗಳಿಗೆ ನಗುವಲ್ಲ, ಹೆದರಿಕೆ. ದಿಟ್ಟಿಸಿ ನೋಡುವುದು ಪ್ರೀತಿಯಲ್ಲ, ಬೆದರಿಕೆ. ನಮ್ಮ ವಿಭಾಗದಲ್ಲಿ ಇದು ಮೊದಲ ಪಾಠ. ಎಲ್ಲರಿಗೂ ಗೊತ್ತು. ಮತ್ತೆ ಹೇಳುತ್ತೇನೆ — ಎಲ್ಲರಿಗೂ ಗೊತ್ತು.

ಈಗ ನನ್ನ ಹಿಂದಿರುವ ಬ್ಯಾನರ್ ನೋಡಿ.

ಪಂಜರದ ಪಕ್ಕದಲ್ಲಿ ಮೇಡಂ, ಕೈ ಎತ್ತಿದ್ದಾರೆ. ಒಳಗೆ ನಮ್ಮ ಅಜ್ಜಿ. ಬೀದಿಯಲ್ಲಿ ಆಟ ಆಡಿಸುವವರಿಂದ ಬಿಡಿಸಿ ತಂದ ಹೆಣ್ಣು ಕೋತಿ. ಕುತ್ತಿಗೆಯ ಸುತ್ತ ಹಗ್ಗದ ಗುರುತು ಇನ್ನೂ ಇದೆ. ಮೇಡಂಗೆ ಮನೆಯಲ್ಲೂ ಅವಳದೇ ಧ್ಯಾನ. ಅವರ ಅತ್ತೆ, "ಯಾವ ಅಜ್ಜಿ ಊಟ ಬಿಟ್ಟಿರೋದು, ನಾನೋ ಆ ಕೋತಿನೋ? ಬಿಡಿಸಿ ಹೇಳು" ಅನ್ನುತ್ತಿದ್ದರಂತೆ. ಅಕ್ಕ ಹೇಳಿದ್ದು.

ಈ ಫೋಟೋ ಆರಿಸಿದ್ದು ನಾವೇ, ವಿಭಾಗದವರೆಲ್ಲ ಸೇರಿ. "ಮೇಡಂ ಕೈ ಬೀಸ್ತಿದಾರೆ, ಅಜ್ಜಿ ನಗ್ತಿದಾಳೆ, ಇದೇ ಇರಲಿ" ಅಂದೆವು. ನಾನೂ ಅಂದೆ. ಇವತ್ತು ಬೆಳಿಗ್ಗೆ ಸ್ಟೂಲ್ ಹತ್ತಿ ಅದನ್ನು ಕಟ್ಟುವಾಗ ಅಜ್ಜಿಯ ಮುಖ ನನ್ನ ಮುಖದ ಎದುರಿಗೆ ಬಂತು. ಹಲ್ಲು. ಹಿಂದಕ್ಕೆಳೆದ ತುಟಿ. ಕೆಳಗೆ ಅಂಕಲ್ ನಿಂತಿದ್ದರು. "ನೋಡಮ್ಮ, ಅದೂ ನಗ್ತಾ ಇದೆ" ಅಂದರು. ನಾನು ಹೂಂ ಅಂದೆ. ಅಂಕಲ್, ಸಾರಿ. ಅದು ನಗುವಲ್ಲ.

ಮೇಡಂ ಕೈ ಬೀಸುತ್ತಲೂ ಇಲ್ಲ. ಅವತ್ತು ಪ್ರಾಣಿಶಾಲೆ ನೋಡಲು ಜನ ಬಂದಿದ್ದರು. ನಾವೆಲ್ಲ ಫೋನ್ ಹಿಡಿದು ಪಂಜರದ ಮುಂದೆ ಮುಗಿಬಿದ್ದಿದ್ದೆವು. ಮೇಡಂ ಕೈ ಎತ್ತಿ ಅಂದದ್ದು, "ಸಾಕು, ಹಿಂದೆ ಹೋಗಿ." ಈ ಚಿತ್ರದಲ್ಲಿ ನಾವ್ಯಾರೂ ಇಲ್ಲ. ಆದರೆ ಅಜ್ಜಿ ಹೆದರಿರುವುದು ನಮಗೇ. ಮೊದಲ ಪಾಠ ಕಲಿತವರಿಗೇ. ನಾಚಿಕೆಯಾಗುತ್ತದೆ — ಬೇರೆ ಮಾತು ಹುಡುಕಿದೆ, ಸಿಗಲಿಲ್ಲ.

ಇನ್ನೊಂದಿದೆ. ನನ್ನ ಫೋನಿನಲ್ಲಿ ಇದೇ ಫೋಟೋ ಪೂರ್ತಿಯಾಗಿದೆ. ಅದರ ಅಂಚಿನಲ್ಲಿ ಪಕ್ಕದ ಕೋಣೆಯಿಂದ ಜಾಲರಿ ದಾಟಿ ಬಂದ ಒಂದು ಕೈ — ಅಜ್ಜಿಯ ಭುಜದ ಮೇಲೆ. ಬ್ಯಾನರ್ ಅಳತೆಗೆ ಸರಿಹೋಗಲಿ ಎಂದು ಅದನ್ನು ಕತ್ತರಿಸಿದ್ದಾರೆ.

ಆ ಕೈ ಯಾರದು ಎಂದು ಅಂಕಲ್‌ಗೆ, ಅಕ್ಕನಿಗೆ ಗೊತ್ತಿರಲಿಕ್ಕಿಲ್ಲ. ಕಾಡಿನಲ್ಲಿ ಹೆಣ್ಣು ಕೋತಿ ಒಂಟಿಯಾಗಿ ಬದುಕುವುದಿಲ್ಲ; ಬಿಡುವಿನ ಹೊತ್ತೆಲ್ಲ ಒಂದರ ಮೈಯನ್ನು ಇನ್ನೊಂದು ಸವರುತ್ತಾ ಕೂರುತ್ತದೆ. ಒಂಟಿಯಾಗಿದ್ದ ನಮ್ಮ ಅಜ್ಜಿ ತನ್ನ ತೋಳಿನ ಕೂದಲನ್ನು ತಾನೇ ಕಿತ್ತುಕೊಳ್ಳುತ್ತಿದ್ದಳು. ಹಾಗಾಗಿ ಮೇಡಂ ಪಕ್ಕದ ಕೋಣೆಗೆ ಇನ್ನೊಂದು ಹೆಣ್ಣು ಕೋತಿಯನ್ನು ತಂದರು — ಆ ಕೈ ಅದರದು. ಒಮ್ಮೆಗೇ ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಮೊದಲು ನಡುವೆ ಕಬ್ಬಿಣದ ತಗಡು. ಆಮೇಲೆ ತಗಡು ತೆಗೆದು ಜಾಲರಿ. ಜಾಲರಿಯಲ್ಲೇ ಬೆರಳು ತೂರಿಸಿ ಒಂದನ್ನೊಂದು ಸವರತೊಡಗಿದರೆ — ಆಗ ನಡುವಿನ ಬಾಗಿಲು ತೆಗೆಯುವುದು. "ಹೆಣ್ಣು ನೋಡೋ ಶಾಸ್ತ್ರ ಅಲ್ಲ ಇದು, ಅವಸರ ಮಾಡಬೇಡಿ" ಅನ್ನುತ್ತಿದ್ದರು ಮೇಡಂ. ಸವರುವುದು ಶುರುವಾಗಿತ್ತು. ಅಜ್ಜಿಯ ತೋಳಿನಲ್ಲಿ ಕೂದಲು ಚಿಗುರುತ್ತಿತ್ತು. ಅಷ್ಟರಲ್ಲಿ ಮೇಡಂ ಎದೆನೋವೆಂದು ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ.

ಮಾರನೇ ದಿನವೇ ಕಚೇರಿಯಿಂದ ಮಾತು ಬಂತು: "ಏನಾದ್ರೂ ಆದ್ರೆ ಜವಾಬ್ದಾರಿ ಯಾರು?" ತಗಡು ಮತ್ತೆ ಇಳಿಯಿತು. ಇಳಿಸಿದ್ದು ಕೀಲಿಗೊಂಚಲು ಹೊತ್ತು ತಿರುಗುವ ನಮ್ಮ ಬೀಗದಣ್ಣ. "ನನ್ನ ಕೈಯಲ್ಲೇ ಮಾಡಿಸಿಬಿಟ್ರಲ್ಲಮ್ಮ" ಅಂದರು. ಯಾರೂ ಕೆಟ್ಟವರಲ್ಲ. ತಗಡು ತೆಗೆಯೋಣ ಅಂದರೆ ಯಾರೂ ಬೇಡ ಅನ್ನಲಿಲ್ಲ. "ಶ್ರದ್ಧಾಂಜಲಿ ಸಭೆ ಮುಗೀಲಿ, ನೋಡೋಣ" ಅಂದರು, ಅಷ್ಟೇ. ನಾವು ಹೂವಿನ ಬಣ್ಣ, ಮೈಕು, ಬ್ಯಾನರಿನ ಅಳತೆ ಚರ್ಚಿಸಿದೆವು. ಅತ್ತ ಅಜ್ಜಿ ತಗಡಿಗೆ ಬೆನ್ನು ಒತ್ತಿಕೊಂಡು ಕೂತಿದ್ದಾಳೆ. ಇನ್ನೊಂದೂ ಆಚೆಯಿಂದ ಅದೇ ಜಾಗದಲ್ಲಿ ಕೂರುತ್ತದಂತೆ. ಅಜ್ಜಿ ಮತ್ತೆ ಕೂದಲು ಕೀಳುತ್ತಿದ್ದಾಳೆ.

ಡೈರೆಕ್ಟರ್ ಸರ್, ತಗಡು ತೆಗೆದು ಮತ್ತೆ ಜಾಲರಿಯ ತನಕ ಬಿಡಿ ಎಂದಷ್ಟೇ ಕೇಳುತ್ತಿದ್ದೇನೆ. ಬಾಗಿಲು ತೆಗೆಯುವ ದಿನವನ್ನು ಅವುಗಳೇ ಹೇಳುತ್ತವೆ. ಜವಾಬ್ದಾರಿಗೆ ಹೆಸರು ಬೇಕಿದ್ದರೆ ಸೀನಿಯರ್‌ಗಳು ಒಪ್ಪಿದ್ದಾರೆ. ಅವರ ಕೆಳಗೆ ನನ್ನದನ್ನೂ ಬರೆದುಕೊಳ್ಳಿ. ಮಾತು ಹೆಚ್ಚಾಗಿದ್ದರೆ ಆಮೇಲೆ ಬೈಯಿರಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮೇಡಂಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಬ್ಯಾನರನ್ನು ದಿಟ್ಟಿಸಬೇಡಿ. ಬಾಯಿ ಮುಚ್ಚಿರಲಿ, ಕಣ್ಣು ಕೆಳಗಿರಲಿ — ಗುಂಪಿನ ಮುಂದೆ ಮೇಡಂ ಇರುತ್ತಿದ್ದ ಹಾಗೆ.

ಮೌನ ಮುಗಿದ ಮೇಲೆ, ಸರ್, ಕೂರುವ ಮೊದಲು ಹೇಳಿಬಿಡಿ. ಬೀಗದಣ್ಣ ಈ ಹಾಲ್‌ನ ಬಾಗಿಲ ಹತ್ತಿರವೇ ಕೀಲಿ ಹಿಡಿದು ನಿಂತಿದ್ದಾರೆ. ದಯವಿಟ್ಟು ಬೇಗ ಉತ್ತರ ಕೊಡಿ.