ಊರಿಗಾಂ ಶೆಡ್ಡಿನ ಎರಡು ಬಾಗಿಲ ಷೆವ್ರೊಲೆ

"ಹಲೋ... ಹಲೋ, ಯಾರು ಮಾತಾಡೋದು?... ಯಾರು?... ಒಸಿ ಜೋರಾಗಿ ಏಳಿ, ಶೆಡ್ಡೊಳಗಿವ್ನಿ, ಸರಿಯಾಗಿ ಕೇಳುಸ್ತಿಲ್ಲ..."

"ಓ, ಅಳಿಯಂದ್ರಾ! ಇದ್ಯಾವ್ದು ಒಸಾ ನಂಬರು?... ಅಂಗಡೀದಾ... ಇಲ್ಲ ಇಲ್ಲ, ಬೇಕೂಂತ ಎತ್ತದಂಗಿರ್ತೀನಾ? ಕೈಯೆಲ್ಲಾ ಗ್ರೀಸಾಗಿತ್ತು, ಅದುಕ್ಕೆ..."

ಅದು ಸುಳ್ಳು. ಸುಬ್ಬರಾಯಪ್ಪ ಕೈ ಒರೆಸಿಕೊಂಡು ಆಗಲೇ ಅರ್ಧ ಗಂಟೆಯಾಗಿತ್ತು. ಬಂಗಾರಪೇಟೆಯಲ್ಲಿ ಹಳೇ ಕಾರು ಕೊಂಡು ಮಾರುವ ಅಳಿಯ ನಾಗೇಶನ ಹೆಸರು ಮೂರು ಸಲ ಫೋನಿನಲ್ಲಿ ಬಂದಾಗಲೂ ಅವನು ಬೇರೆ ಕಡೆ ನೋಡಿದ್ದ. ಹೆಣ್ಣು ಕೊಟ್ಟ ಮಾವ ಕಣ್ಣು ಕೊಟ್ಟ ದೇವರು ಅನ್ನುತ್ತಾರೆ. ನಾಗೇಶ ಮಾತ್ರ ಮಾವನನ್ನು ಸಂಬಳವಿಲ್ಲದ ಮೆಕ್ಯಾನಿಕ್ ಅಂದುಕೊಂಡಿದ್ದ. ಇವತ್ತೂ ಅವನ ಮಾತಿಗೆ ಕಟ್ಟುಬಿದ್ದೇ ಸುಬ್ಬರಾಯಪ್ಪ ಆಂಡರ್ಸನ್‌ಪೇಟೆಯ ತನ್ನ ಶೆಡ್ಡಿಗೆ ಬೀಗ ಹಾಕಿ, ಊರಿಗಾಂನ ಇಂದ್ರಾಣಿಯ ಮನೆಯ ಶೆಡ್ಡಿನಲ್ಲಿ ಮಾರಾಟಕ್ಕಿದ್ದ ಕಾರನ್ನು ಪರೀಕ್ಷಿಸಲು ಬಂದಿದ್ದ.

"ನೋಡ್ದೆ, ನೋಡ್ದೆ. ಬೆಳಗ್ಗಿಂದ ಅದನ್ನೇ ತಾನೇ ನೋಡ್ತಿರೋದು?... ಹಾಂ, ಷೆವ್ರೊಲೆನೇ. ನಲವತ್ತೇಳ್ನೇ ಇಸ್ವೀದು, ಎರಡೇ ಬಾಗ್ಲು... ಯಾರೂ ಕೈ ಇಟ್ಟಿಲ್ಲ ಅಳಿಯಂದ್ರೇ. ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೈಯೆಲ್ಲಾ ಎಳ್ದೆ, ಎಲ್ಲಾ ಕಡೇನೂ ಕಚ್ಕಂತು. ಎಲ್ಲೂ ಪುಟ್ಟಿ ಮೆತ್ತಿಲ್ಲ. ಬಣ್ಣಾನೂ ಉಟ್ಟಿದಾಗ್ಲಿಂದ ಇರೋದೇ..."

"ತುಕ್ಕಾ? ಐತೆ. ಇಲ್ಲ ಅಂತ ಯಾರೇಳಿದ್ರು? ಡ್ರೈವರ್ ಕಾಲ ಕೆಳಗಡೆ ತಗಡು ಓಗೈತೆ, ಬೆಳ್ಳು ತೂರಿಸ್ಬೋದು. ಇಲಿಗಳು ಸೀಟು ತಿಂದಾಕವೆ. ಒಂದು ಲೈಟು ಒಡ್ದೈತೆ... ಬಾನೆಟ್ ಮೇಲಿನ ಕಲೆ? ಅದು ಆಯುಧಪೂಜೆ ಕಲೆ ಕಣ್ರೀ. ಅರವತ್ತು ವರ್ಷ ಒಂದೇ ಜಾಗದಾಗೆ ವಿಭೂತಿ, ಕುಂಕುಮ, ಅದರ ಮೇಲೆ ನಿಂಬೆಅಣ್ಣು ಕುಯ್ದು ಇಟ್ಟವ್ರೆ. ಬಣ್ಣ ಬಿಡುತ್ತಾ ಅದು?... ನಗ್ಬೇಡಿ. ಪೂಜೆ ಮಾಡಿದ್ದು ತಪ್ಪಾ?"

"ಇಂಜಿನ್ನಾ... ಪ್ಲಗ್ ಬಿಚ್ಚಿ ಸೀಮೆಎಣ್ಣೆ ಬಿಟ್ಟೆ. ಒಂದು ಗಂಟೆ ನೆನೆಸಿ ಹ್ಯಾಂಡ್ಲ್ ಆಕಿ ತಿರುಗಿಸ್ದೆ. ಮೊದ್ಲು ಮೊಂಡು ಇಡೀತು, ಆಮೇಲೆ ತಿರುಗ್ತು. ಆರಕ್ಕೆ ಆರೂ ಸಿಲಿಂಡ್ರು ಉಸುರಾಡ್ತಾವೆ... ಹಾಂ?... ಏನಂದ್ರಿ?... ಇನ್ನೊಂದ್ಸಲ ಏಳಿ."

"ಬ್ಲಾಕು ಬಿರುಕು ಬಿಟ್ಟೈತೆ ಅನ್ಬೇಕಾ? ಯಾಕನ್ಬೇಕು?..."

ಬ್ಲಾಕ್ ಅಂದರೆ ಇಂಜಿನ್ನಿನ ಒಡಲು. ಅದರಲ್ಲಿ ಕೂದಲೆಳೆಯಷ್ಟು ಬಿರುಕಿದೆ ಎಂದು ಮೆಕ್ಯಾನಿಕ್ ಬಾಯಿಂದ ಒಂದು ಮಾತು ಬಂದರೆ ಸಾಕು, ಎಂಥ ಗಾಡಿಯೂ ಗುಜರಿಗೆ ಬೀಳುತ್ತದೆ. ಕಣ್ಣಿಗೆ ಕಾಣದ ಬಿರುಕಾದ್ದರಿಂದ ಮಾರುವವರು ಎದುರು ಮಾತಾಡುವುದಿಲ್ಲ, ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಾಗುತ್ತಾರೆ. ಚಿನ್ನದ ಗಣಿ ಮುಚ್ಚಿ ಅದರ ವರ್ಕ್‌ಶಾಪಿನ ಕೆಲಸ ಹೋದಂದಿನಿಂದ ಸುಬ್ಬರಾಯಪ್ಪ ಬಿರುಕಿದೆ ಅಂದ ಕಡೆ ಬಿರುಕಿತ್ತು, ಇಲ್ಲ ಅಂದ ಕಡೆ ಇರಲಿಲ್ಲ. ಗಣಿ ಕೆಲಸಗಾರರ ಈ ಲೈನುಮನೆಗಳಲ್ಲಿ ಅವನ ಆಸ್ತಿ ಅಂತ ಇದ್ದದ್ದು ಆ ಒಂದು ಮಾತು. ಈಗ ಅಳಿಯ ಕೇಳುತ್ತಿದ್ದದ್ದೂ ಅದನ್ನೇ.

"ಆಗಲ್ಲ ಅಳಿಯಂದ್ರೇ... ಆಗಲ್ಲ ಅಂದ್ರೆ ಆಗಲ್ಲ. ರೇಡಿಯೇಟರಿಗೆ ನೀರು ತುಂಬಿ ಎರಡು ಗಂಟೆ ಬಿಟ್ಟು, ಎಣ್ಣೆ ಕಡ್ಡಿ ಎಳೆದು ನೋಡಿವ್ನಿ. ರೇಡಿಯೇಟರು ಒಂದು ಮೂಲೇಲಿ ಬೆವರ್ತೈತೆ, ಬೆಸುಗೆ ಆಕಿದ್ರೆ ಸರಿಯಾಗ್ತೈತೆ. ಬ್ಲಾಕು ಬಿರುಕಿದ್ರೆ ಇಂಜಿನ್ ಎಣ್ಣೆಗೆ ನೀರು ಇಳೀಬೇಕಿತ್ತು, ಒಂದು ತೊಟ್ಟೂ ಇಳಿದಿಲ್ಲ... ಎಂಗೆ ಮುಚ್ಚಿಡ್ಲಿ? ಆ ಯಮ್ಮನೇ ಬಿಂದಿಗೇಲಿ ತಂದು ಉಯ್ದಿದ್ದು! ಐದು ದಿನಕ್ಕೊಂದ್ಸಲ ನಲ್ಲಿ ಬರೋ ಜಾಗ್ದಾಗೆ ಕುಡಿಯೋ ನೀರು ತಂದು ಉಯ್ದವ್ರೆ. ನನ್ ಜೊತೆ ಬಗ್ಗಿ ಕಡ್ಡೀನೂ ನೋಡವ್ರೆ..."

"ಯಾರೂ ಇಲ್ಲ ಇಲ್ಲಿ. ಒಳಗಡೆ ಕಾಪಿ ಕಾಯಿಸ್ತಾವ್ರೆ... ಇಲ್ಲ. ಏಳಿಲ್ಲ. ತಕ್ಕಣಾಕೆ ಬಂದಿರೋದು ನಮ್ಮಳಿಯ ಅಂತ ನಾನೇಳಿಲ್ಲ, ಸಾಕಾ?"

ಹೇಳದೆ ಇದ್ದದ್ದು ಬೆಳಗಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಇಂದ್ರಾಣಿಯ ತಂದೆ ವಿಜಯಕುಮಾರ್ ಗಣಿಯ ದೊಡ್ಡ ಸಾಹೇಬನ ಡ್ರೈವರ್ ಆಗಿದ್ದವನು. ಸಾಹೇಬ ಊರು ಬಿಡುವಾಗ ಕೊಟ್ಟುಹೋದ ಕಾರಿದು. ಈಗ ಇಂದ್ರಾಣಿಗೆ ಈ ಶೆಡ್ಡಿನಲ್ಲಿ ನಾಲ್ಕು ಹೊಲಿಗೆ ಮೆಷಿನ್ ಹಾಕಿ ಹೆಂಗಸರಿಗೆ ಕೆಲಸ ಕಲಿಸುವ ಆಸೆ. ಹಾಗಂತ ಅಪ್ಪನ ಕಾರನ್ನು ಕತ್ತರಿಸಿ ತೂಕಕ್ಕೆ ಹಾಕುವವರ ಕೈಗೆ ಕೊಡಲು ಅವಳಿಗೆ ಮನಸ್ಸಿಲ್ಲ. ಬಂಗಾರಪೇಟೆಯ ಪಾರ್ಟಿಯೇ ಮೆಕ್ಯಾನಿಕ್ಕನ್ನೂ ಕಳಿಸುತ್ತೇನೆ ಅಂದಾಗ ಅವಳಿಗೆ ಅನುಮಾನ ಬಂದಿತ್ತು. ಬಾಗಿಲಲ್ಲಿ ಸುಬ್ಬರಾಯಪ್ಪನನ್ನು ನೋಡಿದ ಮೇಲೆ ಅದು ಹೋಯಿತು. "ನೀನಾ ಅಣ್ಣಾ, ಸದ್ಯ! ನೀನು ಏನು ಹೇಳ್ತೀಯೋ ಅದೇ ಆಗ್ಲಿ," ಎಂದಿದ್ದಳು.

"ನಾನ್ಯಾಕೆ ಅವರ ಪರ ಮಾತಾಡ್ಲಿ? ಗಾಡಿ ಎಂಗೈತೋ ಅಂಗೆ ಏಳ್ತಾ ಇವ್ನಿ... ನಿಮ್ಗೆ ಲಾಭ ಬ್ಯಾಡ ಅಂದ್ನಾ? ನ್ಯಾಯವಾದ ರೇಟು ಕೊಟ್ಟು ತಕ್ಕಳಿ, ಬೆಂಗ್ಳೂರಿನೋರಿಗೆ ಎಷ್ಟಕ್ಕಾನಾ ಮಾರ್ಕಳಿ, ಯಾರು ಬ್ಯಾಡ ಅಂತಾರೆ?... ಏನು, ನನಗೆ ಬುದ್ಧಿ ಇಲ್ವಾ? ಇರ್ಲಿ ಬುಡಿ. ಇರೋ ಬುದ್ಧೀಲೇ ನಿಮ್ಮಂಗಡೀದು ಎಷ್ಟು ಗಾಡಿ ಎಬ್ಸಿವ್ನಿ, ಲೆಕ್ಕ ಐತಾ?... ಒಂದು ನಿಮ್ಷ, ಇರಿ. ಆ ಯಮ್ಮ ಬಂದ್ರು."

ಇಂದ್ರಾಣಿಯ ಕೈಯಲ್ಲಿ ಕಾಫಿ ಇರಲಿಲ್ಲ, ಫೋನಿತ್ತು. ಮುಖ ಕಪ್ಪಿಟ್ಟಿತ್ತು. "ಆ ಬಂಗಾರಪೇಟೆಯವರು ವಾಯ್ಸ್ ಮೆಸೇಜ್ ಕಳ್ಸವ್ರೆ ಅಣ್ಣಾ, ಹತ್ತು ನಿಮಿಷ ಆಯ್ತು ಬಂದು, ಈಗ ನೋಡ್ದೆ. ಬ್ಲಾಕು ಒಡೆದೋಗಿದೆ ಅಂತ ಸುಬ್ಬರಾಯಪ್ಪನೇ ಹೇಳ್ದ ಅಂತಾರೆ. ನೀರು ನಾನೇ ತಾನೇ ಹಾಕಿದ್ದು? ನೀನು ನನಗೊಂದು, ಅವರಿಗೊಂದು ಹೇಳಿದ್ಯಾ?"

ಸುಬ್ಬರಾಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಫೋನನ್ನು ಮತ್ತೆ ಕಿವಿಗೆ ಒತ್ತಿದ.

"ಅಳಿಯಂದ್ರೇ, ಏನಿದು?... ಏನೂ ಗೊತ್ತಿಲ್ದಂಗೆ ಕೇಳ್ಬೇಡಿ! ನಾನು ಬಾಯಿ ಬಿಡಾಕೆ ಮುಂಚೇನೇ ನನ್ ಎಸ್ರಲ್ಲಿ ಸುಳ್ಳೇಳಿದ್ದೀರಾ?... ಯಾಪಾರದಾಗೆ ಇದೆಲ್ಲಾ ಇರ್ತೈತಾ? ನಿಮ್ ಯಾಪಾರಕ್ಕೆ ನನ್ ನಾಲಿಗೇನ ಯಾಕ್ರೀ ಅಡ ಇಡ್ತೀರಿ?... ಒಪ್ಕಂಬಿಡ್ಬೇಕಾ? ಮೆಸೇಜು ಓಗ್ಬಿಟ್ಟೈತೆ, ಇನ್ನೇನು ಮಾಡಾಕಾಯ್ತದೆ ಅಂತೀರಾ?"

"ಇಲ್ಲ. ಒಪ್ಪಲ್ಲ... ಏನು?... ಯಾರ್ನ?... ಮಧುಶ್ರೀನಾ?"

"ಈ ಗಾಡಿಗೂ ನನ್ ಮಗ್ಳಿಗೂ ಏನ್ರೀ ಸಂಬಂಧ?... ನಾನು ಊಂ ಅನ್ಲಿಲ್ಲಾಂದ್ರೆ ಬಟ್ಟೆ ಕಟ್ಟಿ ತವರಿಗೆ ಕಳಿಸ್ತೀರಾ?"

ಮದುವೆಯಾದ ಎಂಟು ವರ್ಷದಲ್ಲಿ ನಾಗೇಶ ಈ ಮಾತು ಆಡಿದ್ದು ಇದು ನಾಲ್ಕನೇ ಸಲ. ಮೊದಲ ಮೂರು ಸಲವೂ ಸುಬ್ಬರಾಯಪ್ಪ ತಲೆ ತಗ್ಗಿಸಿ ಕೇಳಿದ್ದನ್ನು ಮಾಡಿಕೊಟ್ಟಿದ್ದ. ಮಗಳು ತವರಿಗೆ ವಾಪಸು ಬಂದರೆ ಊರು ಏನನ್ನುತ್ತದೋ ಎಂಬ ಹೆದರಿಕೆ ಅವನಿಗೆ, ಮಗಳಿಗಿಂತ ಹೆಚ್ಚಾಗಿ ಅವನಿಗೇ. ಆ ಹೆದರಿಕೆ ಈಗಲೂ ಇತ್ತು. ಆದರೆ ಇಂದ್ರಾಣಿ ಎರಡು ಮಾರು ದೂರದಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

"ಇಂದ್ರಾಣಮ್ಮ, ಒಸಿ ಇಂಗ್ ಬಾಮ್ಮ... ಅಳಿಯಂದ್ರೇ, ಫೋನ್ ಸ್ಪೀಕರಿಗೆ ಆಕ್ತಾ ಇವ್ನಿ. ಮಡುಗಬ್ಯಾಡಿ. ಗಂಡಸಾಗಿದ್ರೆ ಕೇಳಿಸ್ಕಳಿ..."

"ನೋಡಮ್ಮ, ಬ್ಲಾಕು ಗಟ್ಟಿಯಾಗೈತೆ. ಆ ಮೆಸೇಜು ಸುಳ್ಳು, ನಾನು ಅಂಗಂದಿಲ್ಲ. ಗುಜರಿ ರೇಟಿಗೆ ಕೊಡಬ್ಯಾಡ. ಬಣ್ಣ ಒಡಿಸಬ್ಯಾಡ, ತುಕ್ಕು ಉಜ್ಜಬ್ಯಾಡ, ಆ ಪೂಜೆ ಕಲೇನೂ ಅಂಗೇ ಇರ್ಲಿ. ಯಾರೂ ಮುಟ್ದಂಗೆ ಇರೋದಕ್ಕೇ ಇದರ ಬೆಲೆ. ಇನ್ನೂ ನಾಲ್ಕು ಜನಕ್ಕೆ ತೋರ್ಸು. ಕತ್ತರಿಸಲ್ಲ ಅಂತ ಬರೆದುಕೊಡೋರಿಗೆ ಕೊಡು..."

"ಕಿರ್ಚಬ್ಯಾಡಿ ಅಳಿಯಂದ್ರೇ, ಎಲ್ಲಾ ಕೇಳುಸ್ತೈತೆ... ಹಾಂ, ಏಳ್ತೀನಿ. ಅದನ್ನೂ ಏಳ್ತೀನಿ. ಇಂದ್ರಾಣಮ್ಮ, ಈ ಕೂಗಾಡ್ತಿರೋ ಬಂಗಾರಪೇಟೆ ಪಾರ್ಟಿ ಬೇರೆ ಯಾರೂ ಅಲ್ಲ. ನಮ್ ಅಳಿಯ, ಮಧುಶ್ರೀ ಗಂಡ."

ಇಂದ್ರಾಣಿ ಫೋನನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಬೆಳಗ್ಗೆ ಬಾಗಿಲಲ್ಲೇ ಹೇಳಬೋದಾಗಿತ್ತಲ್ಲ ಅಣ್ಣಾ," ಎಂದಳು.

"ಏಳಬೇಕಾಗಿತ್ತು... ಏಳಬೇಕಾಗಿತ್ತಮ್ಮ. ಎದರಿಕೆ ಆಯ್ತು. ಎಲ್ಲಿ ಮಗಳ ಬಾಳು ಬೀದಿಗೆ ಬೀಳ್ತೈತೋ ಅಂತ ಎಂಟು ವರ್ಷದಿಂದ ಈ ವಯ್ಯ ಕುಣಿಸ್ದಂಗೆ ಕುಣಿದಿವ್ನಿ. ತಪ್ಪು ನಂದೇ..."

"ಹಲೋ?... ಅಳಿಯಂದ್ರೇ?... ಯಾಕೆ ಸುಮ್ನಾದ್ರಿ?... ಹಲೋ, ಯಾರದು?... ಮಧೂನಾ? ನೀನ್ಯಾವಾಗಮ್ಮ ಫೋನ್ ತಕ್ಕಂಡೆ?... ಅಂಗಡೀಲೇ ಇದ್ಯಾ?... ಎಲ್ಲಾ ಕೇಳಿಸ್ಕಂಡ್ಯಾ?... ಮೊದಲಿಂದಾನೂವಾ?"

ಸುಬ್ಬರಾಯಪ್ಪ ಸ್ಪೀಕರ್ ಆರಿಸಲು ಹೋದ. ಗುಂಡಿ ಸಿಗಲಿಲ್ಲ. ಇಂದ್ರಾಣಿಯೇ ಫೋನು ತೆಗೆದುಕೊಂಡು ಆರಿಸಿ, ಅವನ ಕಿವಿಗೆ ಹಿಡಿದಳು.

"ಏಳಮ್ಮ... ಊಂ... ಊಂ... ಅಳಬ್ಯಾಡ... ಅಳ್ತಿಲ್ವಾ? ಸರಿ, ಸರಿ, ನಾನೇ ಅಳ್ತಿರೋದು, ಸರಿ... ಏನಂದೆ?"

"ಯಾರೂ ನಿನ್ನ ಕಳಿಸೋದು ಬ್ಯಾಡ ಅಂತೀಯಾ... ಬರೋದಾದ್ರೆ ನೀನೇ ಎದ್ದು ಬತ್ತೀಯ, ಇರೋದಾದ್ರೆ ತಲೆ ಎತ್ಕಂಡು ಇರ್ತೀಯ... ಇದನ್ನ ಅವರೆದುರಿಗೇನೇ ಏಳ್ತಿದ್ದೀಯಾ?... ಪಕ್ಕದಾಗೇ ನಿಂತವ್ರಾ?... ಮಧೂ, ಅವರೇನಂದ್ರಮ್ಮ?... ಹಲೋ?... ಹಲೋ, ಮಧೂ..."