ಮುಚ್ಚದೆ ಬಿಟ್ಟ ಸುತ್ತು

ಸ್ವಲ್ಪ ಹತ್ತಿರ ಬನ್ನಿ, ಇದನ್ನು ಜೋರಾಗಿ ಹೇಳುವ ಹಾಗಿಲ್ಲ. ಜುಲ್ಮಾಳ ಮನೆ ಹಿಂದಿನ ಬೀದಿಯಲ್ಲೇ ಇದೆ, ಅವಳ ಕಿವಿಯೋ ಬಲು ಚುರುಕು. ನನ್ನ ಸೋದರತ್ತೆಯ ಮಗಳು ಅವಳು. ಸುಳ್ಳು ಹೇಳುವ ಪೈಕಿ ಅಲ್ಲ... ಹೇಳಿದರೂ ಮುಖದಲ್ಲೇ ಸಿಕ್ಕಿಬೀಳುತ್ತಾಳೆ.

ಹೋದ ಚಳಿಗಾಲದಲ್ಲಿ, ಕ್ಲಬ್ಬಿನಲ್ಲಿ ನಾಟಕದ ತಾಲೀಮು ಮುಗಿಸಿ ಅವಳು ಒಬ್ಬಳೇ ಮನೆಗೆ ಬರುತ್ತಿದ್ದಳು. ನಾಟಕಕ್ಕೆ ಪಿಯಾನೊ ನುಡಿಸುವುದು ಅವಳೇ. ಉರುಗ್ವೆ ನದಿಯಿಂದ ಮಂಜು ಮೇಲೆದ್ದಿತ್ತು. ಆ ದೊಡ್ಡ ಒಂಬೂ ಮರದ ಹತ್ತಿರ ಬೀದಿದೀಪವಿಲ್ಲ, ಗೊತ್ತಲ್ಲ... ಅದರ ಬೇರುಗಳೆಲ್ಲ ನೆಲದ ಮೇಲೆ ಹರಡಿಕೊಂಡಿರುವ ಜಾಗ. ಅಲ್ಲಿಗೆ ಬಂದಾಗ ಹಿಂದೆ ಸದ್ದು. ಪಚಕ್... ಪಚಕ್... ನೀರು ತುಂಬಿದ ಬೂಟಿನ ಸದ್ದು. ನಿಂತಳು. ಅದೂ ನಿಂತಿತು. ನಡೆದಳು. ಪಚಕ್.

ಆಮೇಲೆ ಹಲ್ಲಿನ ಸಂದಿನಿಂದ ಸಿಳ್ಳೆ. ಸಣ್ಣಗೆ. ಡುಂ-ಟಿಟ್ಟಿ, ಡುಂ-ಟಿಟ್ಟಿ... ಅದೇ ತುಣುಕು, ಮತ್ತೆ ಮತ್ತೆ.

ಆ ತುಣುಕು ಜುಲ್ಮಾಳಿಗೆ ನಿದ್ದೆಯಲ್ಲೂ ಗೊತ್ತು. ಹೇಳುತ್ತೇನೆ ಕೇಳಿ. ಹಾಡಿನ ನಾಟಕದಲ್ಲಿ ನಟ ರಂಗಕ್ಕೆ ಬರುವುದು ತಡವಾದರೆ ವಾದ್ಯದವರು ಕೈಕಟ್ಟಿ ಕೂರುವ ಹಾಗಿಲ್ಲ. ಅವನು ಬರುವ ತನಕ ಒಂದು ಸಣ್ಣ ತುಣುಕನ್ನು ಸುತ್ತಿ ಸುತ್ತಿ ನುಡಿಸುತ್ತಿರಬೇಕು. ಬಂದ ಮೇಲೆ ಧಣ್-ಧಣ್ ಎಂದು ಎರಡು ಏಟು ಹಾಕಿ ಸುತ್ತು ಮುಚ್ಚಬೇಕು. ಆಗ ಅವನು ಹಾಡು ಎತ್ತುತ್ತಾನೆ. ಮುಚ್ಚದೆ ಮಾತ್ರ ಕೈ ತೆಗೆಯಬಾರದು. ತಾಲೀಮಿನ ಮಧ್ಯೆ ಚಾವಣಿ ಸೋರಿದರೂ ನಮ್ಮೂರಿನವರು ಆ ಎರಡು ಏಟು ಹಾಕಿಯೇ ಏಳುತ್ತಾರೆ.

ಜುಲ್ಮಾ ಒಮ್ಮೆ ಮುಚ್ಚದೆ ಎದ್ದಿದ್ದಳು.

ಅದು ಅದರ ಹಿಂದಿನ ವರ್ಷದ ಮಾತು. ಮದುಮಗನ ಪಾತ್ರ ಅವಳ ಅಣ್ಣ ಎಬರ್‌ನದು. ಅವನು ಎದುರು ದಡದಲ್ಲಿ, ಅರ್ಜೆಂಟೀನಾದ ಕಡೆ, ಕಿತ್ತಳೆ ಮಂಡಿಯಲ್ಲಿ ಕೆಲಸಕ್ಕಿದ್ದ. ಎಲ್ಲದಕ್ಕೂ ತಡ ಮಾಡುವ ಪ್ರಾಣಿ. ನಾಟಕದ ರಾತ್ರಿ ಅಲ್ಲಿಂದ ದೋಣಿ ಹತ್ತಿದವನು ಬರಲೇ ಇಲ್ಲ. ಇಲ್ಲಿ ಜುಲ್ಮಾ ಮನಸ್ಸಿನಲ್ಲೇ ಅವನಿಗೆ ಬೈಯುತ್ತ ಸುತ್ತು ನುಡಿಸುತ್ತಲೇ ಇದ್ದಳು. ಕೊನೆಗೆ ಕ್ಲಿಮಾಕೊ ಪರದೆ ಇಳಿಸಿ ನಾಟಕ ನಿಲ್ಲಿಸಿದ. ಕ್ಲಿಮಾಕೊ ಎಂದರೆ ನಮ್ಮ ಕ್ಷೌರಿಕ. ಕ್ಲಾರಿನೆಟ್ ಊದುತ್ತಾನೆ, ವಾದ್ಯದವರಿಗೆಲ್ಲ ಯಜಮಾನ. ಜುಲ್ಮಾ ಸಿಟ್ಟಿನಲ್ಲಿ ಪಿಯಾನೊದ ಮುಚ್ಚಳ ಧಡ್ ಎಂದು ಹಾಕಿ ಎದ್ದುಹೋದಳು. ಬೆಳಿಗ್ಗೆ ಖಾಲಿ ದೋಣಿ ಸಿಕ್ಕಿತು. ಎಬರ್ ಸಿಗಲಿಲ್ಲ.

ಅಂದಿನಿಂದ ಅವಳ ಬೆರಳು ನಿಂತಿರಲಿಲ್ಲ. ಊಟದ ಮೇಜಿನ ಅಂಚು, ಕಷಾಯ ಹೀರುವ ಸೋರೆಬುರುಡೆ, ಬಸ್ಸಿನ ಕಂಬಿ, ಎಲ್ಲದರ ಮೇಲೂ ಡುಂ-ಟಿಟ್ಟಿ, ಡುಂ-ಟಿಟ್ಟಿ. "ಕೈ ಸುಮ್ನಿಡೇ, ತಲೆ ಚಿಟ್ಟು ಹಿಡೀತಿದೆ," ಎಂದು ಅವಳ ತಾಯಿ, ಅಂದರೆ ನನ್ನ ಅತ್ತೆ, ಗದರುತ್ತಿದ್ದರು. ಸುಮ್ಮನಿಡಬೇಕೆಂದರೂ ಅವಳಿಂದ ಆಗುತ್ತಿರಲಿಲ್ಲ. ಅಣ್ಣ ಸಾಯುತ್ತಿದ್ದ ಹೊತ್ತಿಗೆ ತಾನು ಅವನಿಗೆ ಬೈಯುತ್ತಿದ್ದೆ ಎನ್ನುವುದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಮರದ ಕೆಳಗೆ ಅವಳು ಹಿಂದೆ ತಿರುಗಲಿಲ್ಲ.

"ಎಬರ್...?" ಎಂದು ಪಿಸುಗುಟ್ಟಿದಳು.

ಸಿಳ್ಳೆ ಮುಚ್ಚುವ ಜಾಗದ ತನಕ ಬಂದು ತಡೆಯಿತು... ಮತ್ತೆ ಮೊದಲಿನಿಂದ ಸುರುವಾಯಿತು. ಜುಲ್ಮಾ ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಮರುದಿನ ಕ್ಲಿಮಾಕೊನ ಅಂಗಡಿಗೆ ಹೋದಳು. ಗಿರಾಕಿ ಎದ್ದುಹೋಗುವ ತನಕ ಕಾದಳು.

"ಮಾಮ, ಅವನು ಬರ್ತಿದಾನೆ."

ಯಾರು ಎಂದು ಕ್ಲಿಮಾಕೊ ಕೇಳಲಿಲ್ಲ. ಕತ್ತಿ ಒರೆಸಿ ಕೆಳಗಿಟ್ಟ.

"ಸಿಳ್ಳೇನಾ?"

"ನಿಂಗೂ ಕೇಳುತ್ತಾ?"

"ಅಂಗಡಿ ಮುಚ್ಚೋ ಹೊತ್ತಿಗೆ. ವಯಸ್ಸಾಯ್ತಲ್ಲ, ಕಿವಿ ಗುಂಯ್‌ಗುಡುತ್ತೆ ಅಂದ್ಕೊಂಡಿದ್ದೆ..." ಅವನು ದನಿ ಇನ್ನಷ್ಟು ತಗ್ಗಿಸಿದ. "ಪರದೆ ಇಳಿಸ್ದೋನು ನಾನು. ಸುತ್ತು ಮುಚ್ಚದೆ ಎದ್ದೋಳು ನೀನು. ಹುಡುಗ ಇನ್ನೂ ಹೊರಗೇ ನಿಂತಿದಾನೆ ಕಣಮ್ಮ. ಅವನನ್ನ ಒಳಗೆ ಕರೆದೋರು ಯಾರು?"

"ಈಗೇನ್ ಮಾಡ್ಲಿ?"

"ಕರಿ. ಬರೋ ತನಕ ಕೈ ತೆಗೀಬೇಡ. ಆದ್ರೆ ಡಾರ್ವಿನ್ ಕಿವಿಗೆ ಹಾಕ್ಬೇಡ, ವೇಷದ ಸಮೇತ ಓಡ್ತಾನೆ."

ಡಾರ್ವಿನ್ ಕಟುಕನ ಮಗ, ಈ ಸಲದ ಮದುಮಗ. ಮೈ ಎತ್ತಿನದು, ಎದೆ ಕೋಳಿಮರಿಯದು.

ನಾಟಕದ ರಾತ್ರಿ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಸಲ ಅರ್ಧಕ್ಕೆ ನಿಂತ ಅದೇ ನಾಟಕ ಅಲ್ಲವೇ, ಊರಿಗೆ ಊರೇ ಬಂದಿತ್ತು. ನಾನೂ ಹಿಂದಿನ ಸಾಲಿನಲ್ಲಿದ್ದೆ. ಮದುಮಗಳು ರಂಗದ ಮೇಲೆ ಕಾಯುತ್ತ ನಿಂತಳು. ಜುಲ್ಮಾ ಸುತ್ತು ಹಿಡಿದಳು. ಬಲಗಡೆ ಪರದೆಯ ಸಂದಿನಲ್ಲಿ ಡಾರ್ವಿನ್ ಸಿದ್ಧನಾಗಿ ನಿಂತಿದ್ದ. ಅವನನ್ನು ನೋಡಿದಳು... ಮುಚ್ಚಲಿಲ್ಲ.

"ಜುಲ್ಮಾ... ಇಲ್ಲಿದೀನಿ," ಎಂದು ಅವನು ಪಿಸುಗುಟ್ಟಿದ.

"ಸುಮ್ನಿರು."

"ನನ್ನ ಸರದಿ ಕಣೇ."

"ನಿಂದಲ್ಲ... ಇನ್ನೂ ನಿಂದಲ್ಲ."

ಡುಂ-ಟಿಟ್ಟಿ. ಡುಂ-ಟಿಟ್ಟಿ. ಜನ ಕೆಮ್ಮಿದರು. ಕುರ್ಚಿಗಳು ಕಿರಗುಟ್ಟಿದವು. "ಈ ವರ್ಷದ ಮದುಮಗನೂ ಕೈ ಕೊಟ್ನೇನ್ರೋ?" ಎಂದು ಯಾವನೋ ಹಿಂದಿನಿಂದ ಕೂಗಿ ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ. ಕ್ಲಿಮಾಕೊನ ಕ್ಲಾರಿನೆಟ್ ಒಣಗಿ ಕೀಚಲು ದನಿ ಹೊರಡಿಸುತ್ತಿತ್ತು, ಆದರೂ ಅವನು ಬಿಡಲಿಲ್ಲ. ಜುಲ್ಮಾಳ ಮಣಿಕಟ್ಟು ಉರಿಯುತ್ತಿತ್ತು. ಬರಲಿ ಎಂದೂ ಬೇಡಿಕೊಂಡಳಂತೆ, ಬರದಿರಲಿ ಎಂದೂ ಬೇಡಿಕೊಂಡಳಂತೆ. ಏನೇ ಆಗಲಿ, ಈ ಸಲ ಅಣ್ಣನನ್ನು ಹೊರಗೆ ನಿಲ್ಲಿಸಿ ಏಳುವುದಿಲ್ಲ, ಅಷ್ಟು ಗಟ್ಟಿ ಮಾಡಿಕೊಂಡಿದ್ದಳು.

ಆ ರಂಗಕ್ಕೆ ಎಡಗಡೆ ಬಾಗಿಲಿಲ್ಲ. ಬರೀ ಗೋಡೆ. ಅಲ್ಲಿಂದ ಬಂತು...

ಪಚಕ್.

ಹಲಗೆ ಕಿರ್ರ್ ಎಂದಿತು. ಪಚಕ್... ಇನ್ನೂ ಹತ್ತಿರ. ಮದುಮಗಳಾಗಿದ್ದ ಬೇಕರಿಯ ಹುಡುಗಿ ಎಡಕ್ಕೆ ತಿರುಗಿ ನೋಡಿದಳು. ಕೈಯ ಹೂವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಧಣ್-ಧಣ್.

ಜುಲ್ಮಾ ಸುತ್ತು ಮುಚ್ಚಿ ಹಾಡಿಗೆ ಇಳಿದಳು. ಯಾರೂ ಹಾಡಲಿಲ್ಲ. ಡಾರ್ವಿನ್ ಬಲಗಡೆ ಟೋಪಿ ತೆಗೆದು ಹಿಡಿದುಕೊಂಡು ಬಾಯಿ ಮುಚ್ಚಿ ನಿಂತಿದ್ದ. ಜುಲ್ಮಾ ಮಾತ್ರ ಪೂರ್ತಿ ನುಡಿಸಿದಳು. ಎಬರ್ ಎರಡನೇ ಸಾಲಿನ ಕೊನೆಯಲ್ಲಿ ದನಿ ಎಳೆಯುತ್ತಿದ್ದ, ಬೇಡವೆಂದರೂ ಕೇಳುತ್ತಿರಲಿಲ್ಲ. ಆ ಜಾಗಕ್ಕೆ ಬಂದಾಗ ಅವಳು ಕೈ ಎತ್ತಿ ಕಾದಳು... ಕಾದಳು... ಆಮೇಲೆ ಯಾರಿಗೋ ತಲೆಯಾಡಿಸಿ ಮುಂದಕ್ಕೆ ಹೋದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹಾಡು ಮುಗಿದ ಮೇಲೆ ಕ್ಲಿಮಾಕೊ ಕಣ್ಣು ಬಿಟ್ಟು ಹೆದರಿಸಿದ್ದಕ್ಕೆ ಡಾರ್ವಿನ್ ರಂಗಕ್ಕೆ ಬಂದ. ನಾಟಕ ಮುಂದುವರಿಯಿತು.

ಅವಳನ್ನು ಮನೆಗೆ ಬಿಡಲು ನಾನೇ ಹೋದೆ. ಮರದ ಹತ್ತಿರ ಏನೂ ಇರಲಿಲ್ಲ. ಅವಳ ಬೆರಳುಗಳು ಸುಮ್ಮನಿದ್ದವು.

ಬಾಗಿಲಿಗೆ ಬೀಗದಕೈ ಹಾಕಿ ತಿರುಗಿಸಿದಳು. ಕಟಕ್. ಬಾಗಿಲು ಜಗ್ಗಲಿಲ್ಲ. ಒಳಗಿನಿಂದ ಮೇಲಿನ ಅಗಳಿ ಬಿದ್ದಿತ್ತು. ದಿನಾ ರಾತ್ರಿ ಎಲ್ಲರಿಗಿಂತ ಕೊನೆಗೆ ಬಂದು ಎಬರ್ ಹಾಕುತ್ತಿದ್ದ, ಅವನು ಹೋದ ಮೇಲೆ ಯಾರೂ ಮುಟ್ಟದ ಅಗಳಿ ಅದು. ಒಳಗೆ ಅತ್ತೆ ಒಬ್ಬರೇ, ಬೆನ್ನು ಬಾಗಿ ಕೈ ಎತ್ತಿದರೂ ಅಲ್ಲಿಗೆ ಎಟುಕದವರು. ಬಾಗಿಲು ತಟ್ಟಿದೆವು. ಒಳಗೆ ಕುರ್ಚಿ ಎಳೆಯುವ ಸದ್ದು, ಗರ್ರ್... ಹತ್ತುವಾಗಿನ ಏದುಸಿರು... ಅಗಳಿ ಸರಿದ ಸದ್ದು.

"ನೀನು ಹೊರಗಿದೀಯಾ?" ಅತ್ತೆ ಕುರ್ಚಿಯ ಮೇಲಿಂದಲೇ ಗೊಣಗಿದರು. "ಆಗ್ಲೇ ಬಂದು ಅಗಳಿ ಹಾಕಿದ್ದು ಕೇಳಿಸ್ತಲ್ಲ. ನೀನೇ ಅಂತ ನಿದ್ದೆ ಮಾಡ್ಬಿಟ್ಟೆ..."

ಜುಲ್ಮಾ ತಾಯಿಯನ್ನು ಕೈ ಹಿಡಿದು ಇಳಿಸಿದಳು.

ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಾನು ಕಣ್ಣಾರೆ ಕಂಡದ್ದು ಇದು. ಆ ಕುರ್ಚಿಯನ್ನು ಅವರು ಬಾಗಿಲ ಹತ್ತಿರದಿಂದ ಇನ್ನೂ ತೆಗೆದಿಲ್ಲ. ದಿನಾ ಬೆಳಿಗ್ಗೆ ಜುಲ್ಮಾಳೋ ಅತ್ತೆಯೋ ಅದರ ಮೇಲೆ ಹತ್ತಿ ಅಗಳಿ ತೆಗೆಯುತ್ತಾರೆ. ರಾತ್ರಿ ಅವರಿಬ್ಬರೂ ಅದನ್ನು ಮುಟ್ಟುವುದಿಲ್ಲ.